ಮೂರು ರಾತ್ರಿ ಮಲಗದ ತಮ್ಮ: ಐಸ್ ಚಟ, ಏರಿಯಾ ಹೊಡೆದಾಟ, ಮನೆಯವರು ಏನು ಮಾಡಬಹುದು

ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಯಿತು. ಮುಂದಿನ ರೂಮಿನಲ್ಲಿ ಲೈಟ್ ಉರಿಯುತ್ತಿತ್ತು. ನನ್ನ ತಮ್ಮ ನೆಲದ ಮೇಲೆ ಕೂತು ನನ್ನ ಹೊಲಿಗೆ ಮಷಿನ್ನಿನ ಮೋಟಾರು ಬಿಚ್ಚುತ್ತಿದ್ದ. ಸ್ಕ್ರೂಗಳನ್ನು ಪೇಪರ್ ಮೇಲೆ ಸಾಲಾಗಿ ಇಟ್ಟಿದ್ದ. ಮೊದಲು ಚಿಕ್ಕದು, ಆಮೇಲೆ ಅದಕ್ಕಿಂತ ದೊಡ್ಡದು, ಹೀಗೆ. ಡಿಸೆಂಬರ್ ಚಳಿಯಲ್ಲೂ ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. "ಅಕ್ಕ, ಇದರೊಳಗೆ ಕ್ಯಾಮೆರಾ ಇಟ್ಟಿದ್ದಾರೆ. ಸದ್ದು ಮಾಡ್ಬೇಡ" ಅಂದ.

ಅವನು ಕಣ್ಣು ಮುಚ್ಚಿ ಮೂರು ರಾತ್ರಿಯಾಗಿತ್ತು. ಹಿಂದಿನ ಸಂಜೆ ನಮ್ಮ ಏರಿಯಾದಲ್ಲಿ ಒಬ್ಬ ಹುಡುಗನ ಮೇಲೆ ಲಾಂಗ್ ಬೀಸಿದ್ದರು. ಹುಡುಗ ಬದುಕಿದ, ಬಲಗೈಯ ಎರಡು ಬೆರಳು ಹೋದವು. ಬೀಸಿದವನನ್ನು ಕೂರಿಸಿಕೊಂಡು ಬೈಕ್ ಓಡಿಸಿದವನು ನನ್ನ ತಮ್ಮ. ಆ ಕೇಸು ಇನ್ನೂ ನಡೆಯುತ್ತಿದೆ.

ನಾನು ಮಾಗಡಿ ರಸ್ತೆ ಕಡೆ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಡಾಕ್ಟರೂ ಅಲ್ಲ, ವಕೀಲೆಯೂ ಅಲ್ಲ. ಆದರೆ ಈ ನಾಲ್ಕು ವರ್ಷದಲ್ಲಿ ನಮ್ಮ ಬೀದಿಯ ಮೂರು ಮನೆಯ ತಾಯಂದಿರು ಮಧ್ಯರಾತ್ರಿ ನನಗೆ ಫೋನ್ ಮಾಡಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇಂಥ ಹುಡುಗ ಇದ್ದರೆ ಅವನು ಆಡುವ ಮಾತನ್ನು ಹಿಡಿದು ಕೂರಬೇಡಿ. ಎರಡೇ ಎರಡು ಲೆಕ್ಕ ಇಡಿ. ಎಷ್ಟು ರಾತ್ರಿ ಮಲಗಿಲ್ಲ, ಯಾರಿಗೆ ಎಷ್ಟು ಸಾಲ ಇದೆ. ಹೊಡೆದಾಟ ಬರುವುದು ಈ ಎರಡು ಬಾಗಿಲಿಂದ.

ಇದು ನಿದ್ದೆ ಓಡಿಸುವ ವಸ್ತು

ಹುಡುಗರು ಐಸ್ ಅಂತಾರೆ, ಕ್ರಿಸ್ಟಲ್ ಅಂತಾರೆ. ನಿಜವಾದ ಹೆಸರು ಮೆಥಾಂಫೆಟಮೈನ್. ನೋಡಲು ಕಲ್ಲುಸಕ್ಕರೆಯ ಚೂರಿನ ಹಾಗಿರುತ್ತದೆ. 1893ರಲ್ಲಿ ಜಪಾನಿನ ನಾಗಾಯಿ ಅನ್ನುವ ವಿಜ್ಞಾನಿ ಇದನ್ನು ಮೊದಲು ತಯಾರಿಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸೈನಿಕರಿಗೆ ಇದನ್ನೇ ಮಾತ್ರೆ ಮಾಡಿ ಕೊಟ್ಟರು, ನಿದ್ದೆ ಬರಬಾರದು, ಭಯ ಆಗಬಾರದು ಅಂತ. ಇದನ್ನು ನನಗೆ ಹೇಳಿದವರು ಆಸ್ಪತ್ರೆಯ ಕೌನ್ಸೆಲರ್. ಕೇಳಿದಾಗ ಎದೆ ಝಲ್ಲೆಂದಿತು. ಯಾಕೆಂದರೆ ನನ್ನ ತಮ್ಮನಿಗೂ ಮೊದಲ ಸಲ ಕೊಟ್ಟದ್ದು ನಿದ್ದೆ ಬಾರದಿರಲಿ ಅಂತಲೇ. ರಾತ್ರಿ ಪಾಳಿಯಲ್ಲಿ ಊಟದ ಡೆಲಿವರಿ ಮಾಡುತ್ತಿದ್ದ. "ಎರಡು ಎಳೆತ ಎಳಿ ಮಗಾ, ಬೆಳಗಿನ ತನಕ ಗಾಡಿ ಓಡಿಸ್ತೀಯ" ಅಂದನಂತೆ ಜೊತೆಗಿದ್ದವನು.

ಒಂದು ಸಲ ಎಳೆದರೆ ಎಂಟು ಹತ್ತು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೊತ್ತು ಮೈಮೇಲಿರುತ್ತದೆ. ಖುಷಿ ಕೊಡುವ ಡೋಪಮಿನ್ ಅನ್ನುವ ರಸ ಮಿದುಳಿನಲ್ಲಿ ಉಕ್ಕಿ ಹರಿಯುತ್ತದೆ. ಇಳಿದ ಮೇಲೆ ಒಳಗೆಲ್ಲ ಬರಿದು. ಆ ಬರಿದನ್ನು ತುಂಬಿಸಲು ಮತ್ತೆ ಎಳೆಯುತ್ತಾರೆ. ಹೀಗೆ ಎರಡು ದಿನ, ಮೂರು ದಿನ ನಿದ್ದೆ ಇಲ್ಲ, ಊಟ ಇಲ್ಲ.

ಇಂಥದ್ದು ಸಿಕ್ಕರೆ ಸುಮ್ನೆ ಬಿಡಬೇಡಿ: ಕೆಳಗೆ ಕಪ್ಪಾದ ಫಾಯಿಲ್ ಹಾಳೆ, ತುದಿಗೆ ಗುಳ್ಳೆ ಇರುವ ಗಾಜಿನ ಕೊಳವೆ, ಜೇಬಿಗೊಂದು ಲೈಟರ್, ಉಗುರಿನಷ್ಟು ಚಿಕ್ಕ ಜಿಪ್ ಕವರ್. ಸಿಗರೇಟ್ ಸೇದದ ಹುಡುಗನ ಹತ್ತಿರ ಮೂರು ಲೈಟರ್ ಇದ್ದವು. ನಾನು ಅದನ್ನು ನೋಡಿಯೂ ಆರು ತಿಂಗಳು ಏನೂ ಕೇಳಲಿಲ್ಲ.

ಕ್ಯಾಲೆಂಡರಿನ ಸೊನ್ನೆಗಳು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇದೆ. ತಮ್ಮ ಮಲಗದ ರಾತ್ರಿಗೆ ನಾನು ಅದರಲ್ಲಿ ಒಂದು ಸೊನ್ನೆ ಹಾಕುತ್ತಿದ್ದೆ. ಯಾರಿಗೂ ಏನೂ ವಿವರಿಸಬೇಕಾಗಿರಲಿಲ್ಲ. ಅಮ್ಮನಿಗೂ ಅರ್ಥವಾಗುತ್ತಿತ್ತು.

ಒಂದು ಸೊನ್ನೆ ಅಂದರೆ ಮಾತು ಜಾಸ್ತಿ, ಹುಮ್ಮಸ್ಸು ಜಾಸ್ತಿ. ಪಾತ್ರೆ ತೊಳೆಯುತ್ತಾನೆ, ಬೈಕ್ ಒರೆಸುತ್ತಾನೆ, "ಅಕ್ಕ ನಾವು ಸ್ವಂತ ಅಂಗಡಿ ಹಾಕೋಣ" ಅಂತಾನೆ. ಎರಡನೆಯದಕ್ಕೆ ಹಲ್ಲು ಕಡಿಯುವುದು ಶುರು. ತಟ್ಟೆ ಮುಂದಿಟ್ಟರೆ ಸಿಡುಕು. ಮೂರನೆಯದಕ್ಕೆ ಅನುಮಾನ. ಕಿಟಕಿ ಸಂದಿಯಲ್ಲಿ ಬೀದಿ ನೋಡುತ್ತಾನೆ, ಚರ್ಮದ ಕೆಳಗೆ ಹುಳ ಓಡಾಡುತ್ತಿದೆ ಅಂತ ಕೈ ಕೆರೆದು ಗಾಯ ಮಾಡಿಕೊಳ್ಳುತ್ತಾನೆ. ಎಲ್ಲರಿಗೂ ಇದೇ ಲೆಕ್ಕ ಅಲ್ಲ. ಜಾಸ್ತಿ ತೆಗೆದುಕೊಂಡರೆ ಮೊದಲ ರಾತ್ರಿಯೇ ಅನುಮಾನ ಹತ್ತಬಹುದು. ಐಸ್ ಎಳೆಯುವ ಪ್ರತಿಯೊಬ್ಬನೂ ಕೈ ಮಾಡುತ್ತಾನೆ ಅಂತಲೂ ಅಲ್ಲ. ಆದರೆ ನಮ್ಮ ಮನೆಯಲ್ಲಿ ಕೆಟ್ಟದ್ದೆಲ್ಲ ನಡೆದದ್ದು ಮೂರನೇ ಸೊನ್ನೆಯ ಆಚೆಗೆ.

ಏರಿಯಾದ ಅಣ್ಣಂದಿರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಮೂರು ರಾತ್ರಿ ಮಲಗದ ಹುಡುಗನಿಗೆ "ಅವನು ನಿನಗೆ ಸ್ಕೆಚ್ ಹಾಕಿದ್ದಾನೆ" ಅಂದರೆ ಸಾಕು. ಅವನ ಕಣ್ಣಿಗೆ ಆಗಲೇ ಇಡೀ ಊರೇ ಸ್ಕೆಚ್ ಹಾಕಿದ ಹಾಗೆ ಕಾಣುತ್ತಿರುತ್ತದೆ. ಹೊಡೆಯುವ ಮೊದಲು ಧೈರ್ಯಕ್ಕೆ ಅಂತ ಇನ್ನೊಂದು ಸಲ ಎಳೆಸುತ್ತಾರೆ. ಕೇಸಾದಾಗ ಅಣ್ಣ ಊರಲ್ಲೇ ಇರುವುದಿಲ್ಲ. ಬೈಕಿನ ನಂಬರು ನಿಮ್ಮ ಹುಡುಗನದ್ದು.

ಅದಕ್ಕೇ ಎರಡನೇ ಸೊನ್ನೆ ಬಿದ್ದ ಸಂಜೆಯೇ ಬೈಕಿನ ಕೀ ಎತ್ತಿಡಿ. ಎರಡನೇ ಕೀಯನ್ನೂ ಎತ್ತಿಡಿ. ನಾನು ಪಕ್ಕದ ಮನೆ ಆಂಟಿ ಹತ್ತಿರ ಕೊಡುತ್ತಿದ್ದೆ. ಕತ್ತರಿ, ಈಳಿಗೆಮಣೆ, ಚಾಕು, ಸುತ್ತಿಗೆ ಎಲ್ಲ ಒಂದು ಬಕೆಟ್ಟಿಗೆ ಹಾಕಿ ಅವರ ಮನೆಗೇ ಕಳಿಸಿ. ನನ್ನದು ಟೈಲರ್ ಮನೆ, ಒಂಬತ್ತು ಇಂಚಿನ ಕತ್ತರಿ ಯಾವಾಗಲೂ ಮೇಜಿನ ಮೇಲೇ ಇರುತ್ತದೆ. ಒಂದು ರಾತ್ರಿ ಅವನ ಕೈ ಅದರ ಮೇಲೆ ಇತ್ತು. ಅವನೇನೂ ಮಾಡಲಿಲ್ಲ. ಸುಮ್ಮನೆ ಕೈ ಇಟ್ಟುಕೊಂಡು ಬಾಗಿಲು ನೋಡುತ್ತಿದ್ದ. ಅಂದಿನಿಂದ ಕತ್ತರಿ ರಾತ್ರಿ ಮನೆಯಲ್ಲಿಲ್ಲ.

ಆ ರಾತ್ರಿ ಬಂದೇಬಿಟ್ಟರೆ

ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಪಕ್ಕದ ಮನೆಗೆ ಕಳಿಸಿ. ಗ್ಯಾಸ್ ಸಿಲಿಂಡರ್ ಆಫ್ ಮಾಡಿ. ಟಿವಿ ಆರಿಸಿ, ಲೈಟ್ ಒಂದೇ ಇರಲಿ. ಮಾತಾಡುವವರು ಒಬ್ಬರೇ ಇರಲಿ. ನಾಲ್ಕು ಜನ ಸುತ್ತ ನಿಂತು ಬುದ್ಧಿ ಹೇಳಲು ಹೋದರೆ ಅವನಿಗೆ ಅದು ಹಲ್ಲೆಗೆ ಬಂದ ಗುಂಪಿನ ಹಾಗೆ ಕಾಣುತ್ತದೆ. ನಮ್ಮ ಚಿಕ್ಕಪ್ಪ ಒಂದು ಸಲ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿದರು, ಪ್ರೀತಿಯಿಂದಲೇ. ಅವರ ಮೂಗಿನ ಮೂಳೆ ಮುರಿಯಿತು. ಹಿಂದಿನಿಂದ ಮುಟ್ಟಬೇಡಿ. ಎರಡು ಮಾರು ದೂರ ನಿಲ್ಲಿ, ಎದುರಿಗೆ ಅಲ್ಲ, ಸ್ವಲ್ಪ ಪಕ್ಕಕ್ಕೆ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಅವನಿಗೂ ಹೊರಗೆ ಹೋಗಲು ದಾರಿ ಕಾಣಬೇಕು, ನಿಮಗೂ ಓಡಲು ದಾರಿ ಬೇಕು.

ಏನು ಮಾತಾಡಬೇಕು? "ಕ್ಯಾಮೆರಾನೂ ಇಲ್ಲ ಮಣ್ಣೂ ಇಲ್ಲ, ಹುಚ್ಚು ಹಿಡಿದಿದೆಯಾ" ಅಂದರೆ ನೀವೂ ಆ ಕಡೆಯವರೇ ಅಂತ ಅವನಿಗೆ ಖಾತ್ರಿಯಾಗುತ್ತದೆ. "ಹೌದು ಕಣೋ ಕ್ಯಾಮೆರಾ ಇದೆ" ಅಂದರೆ ಭಯ ಇಮ್ಮಡಿ ಆಗುತ್ತದೆ. ನಾನು ಹೇಳುತ್ತಿದ್ದದ್ದು ಹೀಗೆ: "ನಿಂಗೆ ತುಂಬಾ ಭಯ ಆಗ್ತಿದೆ ಅಲ್ವಾ? ನಾನಿಲ್ಲೇ ಇದೀನಿ. ನೀರು ಕುಡಿ." ಅಷ್ಟೇ. ಮತ್ತೆ ಅದನ್ನೇ ಹೇಳುವುದು. ದನಿ ತಗ್ಗಿಸಿ, ನಿಧಾನವಾಗಿ. ಚಟದ ಬಗ್ಗೆ, ಸಾಲದ ಬಗ್ಗೆ, ಸತ್ತುಹೋದ ಅಪ್ಪನ ಬಗ್ಗೆ ಆ ರಾತ್ರಿ ಒಂದು ಮಾತೂ ಬೇಡ. ನಿದ್ದೆ ಬರಲಿ ಅಂತ ಮೆಡಿಕಲ್ ಶಾಪಿನ ಮಾತ್ರೆಯನ್ನೋ ಒಂದು ಪೆಗ್ಗನ್ನೋ ಕೊಡಲೇಬೇಡಿ. ಆಸ್ಪತ್ರೆಯಲ್ಲಿ ಅದಕ್ಕೆ ಸರಿಯಾದ ಔಷಧಿ ಇದೆ, ಡಾಕ್ಟರ್ ನಾಡಿ ನೋಡಿ ಕೊಡುತ್ತಾರೆ.

ಎದೆನೋವು ಅಂದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಮಾತು ತೊದಲಿ ಪ್ರಜ್ಞೆ ತಪ್ಪುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಒದ್ದೆ ಬಟ್ಟೆ ಹಾಕಿ, ಫ್ಯಾನ್ ಹಾಕಿ. ಬೋರಲು ಮಲಗಿಸಿ ಮೇಲೆ ಕೂರಬೇಡಿ, ಉಸಿರು ಕಟ್ಟಿ ಹೋಗುತ್ತದೆ.

ಕೈಯಲ್ಲಿ ಆಯುಧ ಇದ್ದರೆ ಧೈರ್ಯ ತೋರಿಸಬೇಡಿ. ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ನಾನು ಮೊದಲ ಸಲ "ಗಲಾಟೆ ಮಾಡ್ತಿದ್ದಾನೆ" ಅಂದೆ. ಬಂದವರು ಅವನನ್ನು ಗಲಾಟೆ ಮಾಡುವವನ ಹಾಗೆಯೇ ನೋಡಿದರು. ಎರಡನೇ ಸಲ ಹೀಗೆ ಹೇಳಿದೆ: "ನನ್ನ ತಮ್ಮನಿಗೆ ಮಾನಸಿಕ ತೊಂದರೆ ಆಗಿದೆ. ಮೂರು ದಿನದಿಂದ ಮಲಗಿಲ್ಲ. ಅವನಿಗೂ ನಮಗೂ ಅಪಾಯ ಇದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಸಹಾಯ ಬೇಕು." 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ ಇಂಥವರನ್ನು ಲಾಕಪ್ಪಿಗೆ ಹಾಕುವ ಹಾಗಿಲ್ಲ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸುವುದು ಪೊಲೀಸರ ಕರ್ತವ್ಯ. ಅಂದು ಬಂದ ಹೆಡ್ ಕಾನ್‌ಸ್ಟೆಬಲ್ ತಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತು, "ಏನಪ್ಪಾ, ಊಟ ಮಾಡಿದ್ಯಾ?" ಅಂತ ಕೇಳಿದರು. ಅವನು ಅವರ ಜೊತೆ ಜೀಪು ಹತ್ತಿದ.

ಆಸ್ಪತ್ರೆ, ಮತ್ತು ನಾವು ಮಾಡಿದ ತಪ್ಪು

ತಪ್ಪನ್ನೇ ಮೊದಲು ಹೇಳುತ್ತೇನೆ. ಮೊದಲ ಸಲ ಯಾರೋ ಹೇಳಿದರು ಅಂತ ಊರಾಚೆಯ ಒಂದು ಖಾಸಗಿ ಸೆಂಟರಿಗೆ ಸೇರಿಸಿದೆವು. ತಿಂಗಳಿಗೆ 18,000 ರೂಪಾಯಿ. ರಾತ್ರಿ ವ್ಯಾನಿನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋದರು. 25 ದಿನ ನೋಡಲು ಬಿಡಲಿಲ್ಲ. 26ನೇ ದಿನ ಹೋದಾಗ ಅವನ ಎರಡೂ ಕಣಕಾಲಿನಲ್ಲಿ ಸರಪಳಿಯ ಗುರುತು ಇತ್ತು. ಬಳೆ ಹಾಕಿದ ಹಾಗೆ, ಕಪ್ಪಗೆ. ಮನೆಗೆ ಬಂದ ನಾಲ್ಕನೇ ದಿನಕ್ಕೆ ಮತ್ತೆ ಎಳೆದ. ಸರಪಳಿ ಹಾಕುವುದನ್ನು 2017ರ ಕಾಯ್ದೆ ಪೂರ್ತಿ ನಿಷೇಧಿಸಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಯಾವ ಸೆಂಟರಿಗೇ ಹೋಗಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ ಅಂತ ಕೇಳಿ. ಮನೆಯವರನ್ನು ಒಳಗೆ ಬಿಡದ ಜಾಗಕ್ಕೆ ಹುಡುಗನನ್ನು ಬಿಡಬೇಡಿ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ, ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಉಳಿದವರು ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. ಎಲ್ಲಿಗೆ ಹೋಗಬೇಕು ಅಂತಲೇ ತೋಚದಿದ್ದರೆ ಟೆಲಿಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಶೆಮುಕ್ತಿಗೆ ಅಂತಲೇ ಇರುವ ಇನ್ನೊಂದು ನಂಬರು 14446.

ಅವನು ಬರಲು ಒಪ್ಪದಿದ್ದರೆ? ಅವನಿಗೋ ಬೇರೆಯವರಿಗೋ ಅಪಾಯ ಇದೆ ಅಂತಿದ್ದರೆ, ಮನೆಯವರ ಕೋರಿಕೆ ಮೇಲೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆಬೇರೆಯಾಗಿ ನೋಡಿ ಒಪ್ಪಿದರೆ 30 ದಿನದವರೆಗೆ ಸೇರಿಸಿಕೊಳ್ಳಬಹುದು. ಅದೇ ಕಾಯ್ದೆಯ 89ನೇ ಕಲಂ. ಚಟದಿಂದ ಬರುವ ಮಾನಸಿಕ ತೊಂದರೆಯೂ ಆ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ.

ಐಸ್ ಬಿಡಿಸುವ ಮಾತ್ರೆ ಅಂತ ಒಂದು ಇಲ್ಲ. ಇದೆ ಅಂತ ಹೇಳಿ ದುಡ್ಡು ಕೀಳುವವರನ್ನು ನಂಬಬೇಡಿ. ಅನುಮಾನ, ಭ್ರಮೆ, ನಿದ್ದೆಗೆ ಔಷಧಿ ಕೊಡುತ್ತಾರೆ. ಉಳಿದದ್ದು ಮಾತಿನ ಚಿಕಿತ್ಸೆ, ದಿನಚರಿ, ಕಾಯುವುದು.

ಬಿಟ್ಟ ಮೇಲಿನ ಮೊದಲ ವಾರ ಅವನು ಬರೀ ಮಲಗುತ್ತಾನೆ. ಎದ್ದರೆ ತಿನ್ನುತ್ತಾನೆ. "ಎಮ್ಮೆ ಹಾಗೆ ಬಿದ್ದಿದ್ದಾನೆ" ಅಂತ ಯಾರೂ ಅನ್ನಬೇಡಿ. ಮಲಗಲಿ. ರಾಗಿ ಅಂಬಲಿ, ಮೊಸರನ್ನ, ಬಾಳೆಹಣ್ಣು ಕೈಗೆ ಸಿಗುವ ಹಾಗೆ ಇಡಿ. ನಿದ್ದೆ ಮುಗಿದ ಮೇಲೆ ಬರುವ ಮಂಕು ದೊಡ್ಡದು. ಏನೂ ಬೇಡ, ಬದುಕೇ ಬೇಡ ಅನ್ನಿಸುತ್ತದೆ. ನನ್ನ ತಮ್ಮ ಎರಡನೇ ವಾರ ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದ. ನಾನು ನೇರವಾಗಿ ಕೇಳಿದೆ, "ಸಾಯಬೇಕು ಅನ್ನಿಸ್ತಿದೆಯೇನೋ?" ಅಂತ. ಹೂಂ ಅಂದ. ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕೇಳಿದರೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಹೆದರಬೇಡಿ. ಕೇಳಿ.

ಸಾಲದ ಚೀಟಿ

ಈಗ ಎರಡನೇ ಲೆಕ್ಕ. ಹುಡುಗರನ್ನು ಗ್ಯಾಂಗು ಹಿಡಿದಿಡುವುದು ಸ್ನೇಹದಿಂದ ಅಂತ ನಾವು ಅಂದುಕೊಳ್ಳುತ್ತೇವೆ. ಹಿಡಿದಿಡುವುದು ಸಾಲ. ಮೊದಲು ಸುಮ್ನೆ ಕೊಡುತ್ತಾರೆ, ಆಮೇಲೆ ಕಡ. ಕಡ ಏರಿದ ಮೇಲೆ "ದುಡ್ಡು ಬೇಡ ಮಗಾ, ಈ ಪೊಟ್ಟಣ ಆ ಕಂಬದ ಹತ್ತಿರ ಇಟ್ಟು ಫೋಟೋ ಕಳಿಸು". ಅಲ್ಲಿಗೆ ಸೇದುವವನು ಮಾರುವವನಾದ. ಅದಾದ ಮೇಲೆ "ಅವನು ನಮಗೆ ದುಡ್ಡು ಕೊಡಬೇಕು, ಜೊತೆಗೆ ಬಾ". ಅಲ್ಲಿಗೆ ಹೊಡೆಯುವವನಾದ.

ನನ್ನ ತಮ್ಮನ ಸಾಲ 11,500. ನಾನು ಬಳೆ ಅಡ ಇಟ್ಟು ಕಟ್ಟಿದೆ. ಪೀಡೆ ತೊಲಗಿತು ಅಂದುಕೊಂಡೆ. ಒಂದೇ ವಾರದಲ್ಲಿ ಅವರೇ ಕರೆದು ಮತ್ತೆ ಕಡ ಕೊಟ್ಟರು. ಅಕ್ಕ ಕಟ್ಟುತ್ತಾಳೆ ಅಂತ ಗೊತ್ತಾಯಿತಲ್ಲ. ಅದಕ್ಕೇ ಹೇಳುತ್ತೇನೆ, ಮನೆಯವರು ದುಡ್ಡು ಕೊಡಬೇಡಿ. ಆ ಸಾಲವನ್ನು ಯಾವ ಕೋರ್ಟಿನಲ್ಲೂ ಕೇಳುವ ಹಾಗಿಲ್ಲ. ಬಾಗಿಲಿಗೆ ಬಂದರೆ ಗ್ರಿಲ್ ತೆಗೆಯಬೇಡಿ, ಪಕ್ಕದವರನ್ನು ಕರೆದುಕೊಂಡೇ ಮಾತಾಡಿ, "ಅವನು ಆಸ್ಪತ್ರೆಯಲ್ಲಿದ್ದಾನೆ, ಪೊಲೀಸರಿಗೂ ಗೊತ್ತು" ಅಂತ ಒಂದೇ ಮಾತು ಹೇಳಿ. ಬೆದರಿಕೆ ಮೆಸೇಜು ಬಂದರೆ ಅಳಿಸಬೇಡಿ. ಹಾಗೇ ಇಟ್ಟುಕೊಂಡು ದೂರು ಕೊಡಿ.

ಆಸ್ಪತ್ರೆಯಿಂದ ಬಂದವನನ್ನು ಅದೇ ಬೀದಿಗೆ ತರಬೇಡಿ, ಸಾಧ್ಯವಾದರೆ. ನಾವು ತಿಪಟೂರಿನ ಹತ್ತಿರ ಸೋದರಮಾವನ ತೋಟಕ್ಕೆ ಕಳಿಸಿದೆವು. ಹೊಸ ಸಿಮ್, ಬಟನ್ ಫೋನ್. ಮಾವ ಏನೂ ಉಪದೇಶ ಮಾಡಲಿಲ್ಲ. ಬೆಳಿಗ್ಗೆ ಎಬ್ಬಿಸಿ ಕಾಯಿ ಸುಲಿಯಲು ಕೂರಿಸುತ್ತಿದ್ದರು, ರಾತ್ರಿ ಎಂಟಕ್ಕೆ ಮುದ್ದೆ ಊಟ. ಮೂರು ತಿಂಗಳಲ್ಲಿ ನಿದ್ದೆ ತಾನಾಗಿ ಬರತೊಡಗಿತು.

ಪೊಲೀಸು, ಕೋರ್ಟಿನ ವಿಷಯ ಚಿಕ್ಕದಾಗಿ. ಮೆಥಾಂಫೆಟಮೈನ್ 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ದಾಟಿದರೆ ವ್ಯಾಪಾರದ ಪ್ರಮಾಣ. ಅದಕ್ಕೆ ಕನಿಷ್ಠ 10 ವರ್ಷ ಜೈಲು, ಜಾಮೀನು ತುಂಬಾ ಕಷ್ಟ. ಕಡ ತೀರಿಸಲು ಪೊಟ್ಟಣ ಹೊರುವ ಹುಡುಗನಿಗೆ ಚೀಲದಲ್ಲಿ ಎಷ್ಟಿದೆ ಅಂತಲೂ ಗೊತ್ತಿರುವುದಿಲ್ಲ. ಬರೀ ಸೇದಿದ ಕೇಸೋ ಸಣ್ಣ ಪ್ರಮಾಣದ ಕೇಸೋ ಆದರೆ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮುಗಿಸುವ ಚಟಗಾರನಿಗೆ 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹೊಡೆದಾಟದ ಕೇಸಿಗೆ ಇದು ನಡೆಯುವುದಿಲ್ಲ, ನಮ್ಮದು ಅದೇ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ, ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಜ್ಜೆ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಲಾಂಗ್ ಸಿಕ್ಕರೆ ನನ್ನ ಹಾಗೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಡಬೇಡಿ. ಮುಟ್ಟದೆ, ಮೊದಲು ವಕೀಲರಿಗೆ ಹೇಳಿ.

ಹಾರ್ಲಿಕ್ಸ್ ಬಾಟಲಿ

ವಾಪಸ್ ಬಂದ ಮೇಲೆ ಕೌನ್ಸೆಲರ್ ಒಂದು ಉಪಾಯ ಹೇಳಿಕೊಟ್ಟರು. ಬೈಯುವುದಕ್ಕಿಂತ, ಮುಟ್ಟದೇ ಇದ್ದ ದಿನಕ್ಕೆ ಕೂಡಲೇ ಏನಾದರೂ ಕೊಡಿ ಅಂತ. ಐಸ್ ಚಟಕ್ಕೆ ಇರುವುದರಲ್ಲಿ ಚೆನ್ನಾಗಿ ಕೆಲಸ ಮಾಡುವುದು ಇದೇ ಅಂತೆ. ಮೆಡಿಕಲ್ ಶಾಪಿನಲ್ಲಿ ಮೂತ್ರ ಪರೀಕ್ಷೆಯ ಕಿಟ್ ಸಿಗುತ್ತದೆ. ಐಸ್ ಎಳೆದರೆ ಎರಡು ಮೂರು ದಿನ ಅದರಲ್ಲಿ ತೋರಿಸುತ್ತದೆ. ಸೋಮವಾರ, ಗುರುವಾರ ಪರೀಕ್ಷೆ. ಶುದ್ಧ ಬಂದರೆ ಹಾರ್ಲಿಕ್ಸ್ ಬಾಟಲಿಗೆ ಅವನ ಮುಂದೆಯೇ 100 ರೂಪಾಯಿ. ಆ ದುಡ್ಡು ಅವನ ಡ್ರೈವಿಂಗ್ ಬ್ಯಾಡ್ಜಿಗೆ. ಬರದಿದ್ದರೆ ಬೈಗುಳ ಇಲ್ಲ, ದುಡ್ಡೂ ಇಲ್ಲ. ಒಂದು ಎಚ್ಚರಿಕೆ: ಕೆಲವು ನೆಗಡಿ ಮಾತ್ರೆಗೂ ಕಿಟ್ ತಪ್ಪು ತೋರಿಸುತ್ತದೆ. ಒಂದು ಸಲ ಹಾಗಾಗಿ ಅವನು ಅತ್ತುಬಿಟ್ಟ. ಆಸ್ಪತ್ರೆಯ ಲ್ಯಾಬಿನಲ್ಲಿ ಮತ್ತೆ ಮಾಡಿಸಿದೆವು, ಏನೂ ಇರಲಿಲ್ಲ. ಅನುಮಾನ ಬಂದರೆ ಲ್ಯಾಬಿಗೆ ಹೋಗಿ, ತೀರ್ಪು ಕೊಡಬೇಡಿ.

ಮತ್ತೆ ಜಾರುತ್ತಾರೆ. ನನ್ನ ತಮ್ಮ ಎಂಟು ತಿಂಗಳಾದ ಮೇಲೆ ಒಂದು ಮದುವೆ ಮನೆಯಲ್ಲಿ ಹಳೇ ಹುಡುಗರ ಕೈಗೆ ಸಿಕ್ಕಿ ಜಾರಿದ. ರಾತ್ರಿ ಒಂದೂವರೆಗೆ ಬಂದ. ನಾನು ಬಾಗಿಲು ತೆಗೆದೆ, ಏನೂ ಕೇಳಲಿಲ್ಲ. ಅವನು ನೇರ ಅಡುಗೆಮನೆಗೆ ಹೋಗಿ, ದಾರದಲ್ಲಿ ನೇತುಹಾಕಿದ್ದ ಪೆನ್ನು ತಗೊಂಡು ಕ್ಯಾಲೆಂಡರಿನಲ್ಲಿ ತಾನೇ ಒಂದು ಸೊನ್ನೆ ಹಾಕಿದ. ಜೇಬಿನಿಂದ ಬೈಕಿನ ಕೀ ತೆಗೆದು ನನ್ನ ಕೈಗೆ ಕೊಟ್ಟ. "ಇದನ್ನ ಆಂಟಿ ಮನೇಲಿ ಇಡು ಅಕ್ಕ" ಅಂದ. ಬೆಳಗಾಗುವ ತನಕ ಇಬ್ಬರೂ ಹೊಲಿಗೆ ಮಷಿನ್ ಪಕ್ಕ ಕೂತಿದ್ದೆವು. ಆರು ಗಂಟೆಗೆ ಮೊದಲ ಬಸ್ಸು ಹಿಡಿದು ನಿಮ್ಹಾನ್ಸಿಗೆ ಹೋದೆವು. ಅದಾಗಿ ಈಗ 14 ತಿಂಗಳು.